ಚಪ್ಪಾಳೆಯೂ ಆರಡಿಯ ಅಂತರವೂ

ಉಪಕಾರ ಮಾಡಿದವರನ್ನು ಸ್ಮರಿಸುವುದು ಮನುಷ್ಯಧರ್ಮ. ಕೃತಘ್ನತೆಯು ದೊಡ್ಡ ಪಾತಕವೆಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಬಾಯಿಯಿಂದ ಹೊಗಳಿದ ಮಾತ್ರಕ್ಕೆ ಉಪಕಾರದ ಋಣ ತೀರುವುದೇ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. 2020ನೆಯ ಇಸವಿಯಲ್ಲಿ ನಾವು ವಾಸಿಸುವ ಈ ನಾಗಪುರದಲ್ಲಿ ನಡೆದ ಒಂದು ಪ್ರಸಂಗವು ನಮ್ಮನ್ನು ಈ ಪ್ರಶ್ನೆಯ ಮುಂದೆ ನಿಲ್ಲಿಸಿತು. ಮಹಾಮಾರಿಯು ಹಿಂದೆ ಸರಿದು ವರ್ಷಗಳು ಕಳೆದರೂ ಪ್ರಶ್ನೆಯು ಹಾಗೆಯೇ ಉಳಿದಿರುವುದರಿಂದ ಅದನ್ನು ವಾಚಕರ ಮುಂದಿಡುತ್ತಿದ್ದೇವೆ.

ಆ ವರ್ಷ ಮಾರ್ಚ್ 22ನೆಯ ಭಾನುವಾರ ಜನತಾ ಕರ್ಫ್ಯೂ. ಬೆಳಿಗ್ಗೆ 7 ಗಂಟೆಯಿಂದ ರಾತ್ರಿ 9ರವರೆಗೆ ಯಾರೂ ಹೊರಬರಬಾರದು; ಸಂಜೆ 5 ಗಂಟೆಗೆ ಐದು ನಿಮಿಷಗಳ ಕಾಲ ಬಾಗಿಲಲ್ಲೋ ಬಾಲ್ಕನಿಯಲ್ಲೋ ನಿಂತು ವೈದ್ಯರು, ದಾದಿಯರು, ಪೌರಕಾರ್ಮಿಕರು ಮೊದಲಾದವರಿಗೆ ಚಪ್ಪಾಳೆ ತಟ್ಟಿ, ಗಂಟೆ ಬಾರಿಸಿ ಕೃತಜ್ಞತೆ ಸಲ್ಲಿಸಬೇಕೆಂದು ಪ್ರಧಾನಮಂತ್ರಿಗಳು ಕರೆ ಕೊಟ್ಟಿದ್ದರು. ನಾವೂ ದೇವರಮನೆಯಿಂದ ಗಂಟೆಯನ್ನೂ ಜಾಗಟೆಯನ್ನೂ ತಂದು ಬಾರಿಸಿದೆವು. ಎದುರಿನ ಮನೆಗಳಿಂದ ತಟ್ಟೆಗಳ ಸದ್ದು, ಶಂಖಧ್ವನಿ. ಹತ್ತು ವರ್ಷ ನೆರೆಯಲ್ಲಿದ್ದೂ ಮುಖ ನೋಡದವರು ಅಂದು ಪರಸ್ಪರ ಕೈಬೀಸಿದರು. ಆ ಐದು ನಿಮಿಷಗಳಲ್ಲಿ ನಮ್ಮ ಕಣ್ಣುಗಳು ತೇವಗೊಂಡಿದ್ದುದು ಸತ್ಯ. ಆದುದರಿಂದ ಆ ಚಪ್ಪಾಳೆಯನ್ನು ಹುಸಿಯೆಂದು ಹಳಿಯುವವರೊಡನೆ ನಮ್ಮ ಸಮ್ಮತಿಯಿಲ್ಲ. ಇಟಲಿ, ಸ್ಪೇನ್‌ಗಳಲ್ಲಿ ಜನರು ಅದಾಗಲೇ ಹೀಗೆ ಮಾಡಿದ್ದರು; ಬ್ರಿಟನ್ನಿನಲ್ಲಿ ಮಾರ್ಚ್ 26ರಿಂದ ಹತ್ತು ವಾರ ಪ್ರತಿ ಗುರುವಾರ ರಾತ್ರಿ 8ಕ್ಕೆ ಇದು ನಡೆಯಿತು. ಭಯಗ್ರಸ್ತನಾದ ಮನುಷ್ಯನಿಗೆ ಕೃತಜ್ಞತೆಯನ್ನು ಗಟ್ಟಿಯಾಗಿ ಹೇಳುವ ಅವಕಾಶವೂ ಒಂದು ಆಸರೆಯೇ ಸರಿ.

ಆದರೆ ಅಂದೇ ಎರಡು ವಿಪರೀತಗಳು ಕಂಡವು. ಗಂಟೆಯ ಕಂಪನದಿಂದ ವೈರಾಣು ಸಾಯುತ್ತದೆಂಬ ವದಂತಿ ಹಬ್ಬಿತು. ಅದು ಸುಳ್ಳೆಂದು ಸರ್ಕಾರವೇ ತಿಳಿಸಬೇಕಾಯಿತು. ದೇಶದ ಹಲವು ಊರುಗಳಲ್ಲಿ ಜನರು ಗುಂಪುಗೂಡಿ ಬೀದಿಯಲ್ಲಿ ಮೆರವಣಿಗೆ ಹೊರಟರು. ವೈದ್ಯರಿಗೆ ಮನ್ನಣೆ ಕೊಡುವ ನೆಪದಲ್ಲಿ ವೈದ್ಯರು ಬೇಡಿಕೊಂಡಿದ್ದ ಒಂದೇ ಒಂದು ಮಾತನ್ನು ಮುರಿದಂತಾಯಿತು.

ಮೂರನೆಯ ದಿನ, ಮಾರ್ಚ್ 25ರಂದು, ಶಾರ್ವರಿ ಸಂವತ್ಸರದ ಯುಗಾದಿ. ಅಂದೇ ದೇಶವ್ಯಾಪಿ ಲಾಕ್‌ಡೌನ್ ಆರಂಭವಾಯಿತು. ರಾಮನವಮಿಯೂ ಬೀದಿಗಿಳಿಯದೆ ಮನೆಯೊಳಗೇ ಮುಗಿಯಿತು. ಸತರಂಜಿಪುರ, ಮೋಮಿನ್‌ಪುರಗಳಲ್ಲಿ ಸೋಂಕು ಹಬ್ಬಿತು. ಮೇಯೋ, ಮೆಡಿಕಲ್ ಎಂದು ನಾವು ಕರೆಯುವ ಎರಡು ಸರ್ಕಾರಿ ಆಸ್ಪತ್ರೆಗಳ ಮೇಲೆ ಭಾರವೆಲ್ಲ ಬಿದ್ದಿತು. ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಬ್ಬ ದಾದಿಯಿದ್ದರು. ಚಪ್ಪಾಳೆಯ ಸಂಜೆ ಅವರು ಮನೆಯಲ್ಲಿರಲಿಲ್ಲ, ಕರ್ತವ್ಯದಲ್ಲಿದ್ದರು. ಏಪ್ರಿಲ್ ತಿಂಗಳಲ್ಲಿ ಕಟ್ಟಡದ ನಿವಾಸಿಗಳು ಒಂದು ಪತ್ರ ಬರೆದರು: ಆಕೆ ಲಿಫ್ಟ್ ಬಳಸಬಾರದು, ಅಂಗಳದಲ್ಲಿ ನಿಲ್ಲಬಾರದು, ಸಾಧ್ಯವಾದರೆ ಬೇರೆಡೆ ವಸತಿ ನೋಡಿಕೊಳ್ಳಬೇಕು. ಆ ಪತ್ರದಲ್ಲಿ ನಮ್ಮ ಸಹಿಯೂ ಇತ್ತು. ಜಾಗಟೆ ಹೊಡೆದ ಕೈಯೇ ಸಹಿ ಹಾಕಿತ್ತು. 45 ಡಿಗ್ರಿ ದಾಟುವ ನಾಗಪುರದ ಬೇಸಿಗೆಯಲ್ಲಿ ಮೈತುಂಬ ರಕ್ಷಣಾ ಉಡುಪು ತೊಟ್ಟು ದುಡಿದು ಬಂದ ಆ ತಾಯಿ ಮೆಟ್ಟಿಲೇರಿ ಹೋಗುವುದನ್ನು ನಾವು ಬಾಗಿಲ ಸಂದಿನಿಂದ ನೋಡುತ್ತಿದ್ದೆವು.

ಇದು ನಮ್ಮೊಬ್ಬರ ದೋಷವಾಗಿರಲಿಲ್ಲ. ಚಪ್ಪಾಳೆಯ ಎರಡನೆಯ ದಿನವೇ ದಿಲ್ಲಿಯ ಏಮ್ಸ್‌ನ ನಿವಾಸಿ ವೈದ್ಯರ ಸಂಘವು, ಮನೆಮಾಲೀಕರು ವೈದ್ಯರನ್ನು ಹೊರಹಾಕುತ್ತಿದ್ದಾರೆಂದು ಗೃಹಮಂತ್ರಿಗಳಿಗೆ ಬರೆಯಬೇಕಾಯಿತು. ಏಪ್ರಿಲ್ 22ರಂದು, ಅಂದರೆ ಸರಿಯಾಗಿ ಒಂದು ತಿಂಗಳಿಗೆ, ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡಿದವರಿಗೆ ಐದು ವರ್ಷಗಳವರೆಗೆ, ತೀವ್ರ ಗಾಯಪಡಿಸಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆ ಹೊರಟಿತು. ಆದರೆ ಎಲ್ಲರೂ ಮಾಡಿದರೆಂಬುದರಿಂದ ನಮ್ಮ ಸಹಿ ಅಳಿಸಿಹೋಗುವುದಿಲ್ಲ.

ಸಹಿ ಹಾಕುವಾಗ ನಮಗೊಂದು ಸಮಾಧಾನವಿತ್ತು. ಅಂತರ ಕಾಯ್ದುಕೊಳ್ಳಿರೆಂದು ಸರ್ಕಾರವೇ ಹೇಳಿದೆಯಲ್ಲ! ಆ ದಿನಗಳಲ್ಲಿ ನಮ್ಮಂಥ ಆಸ್ತಿಕರ ವಲಯದಲ್ಲಿ ಇನ್ನೊಂದು ಮಾತೂ ಕೇಳಿಬರುತ್ತಿತ್ತು: "ನಮ್ಮ ಮಡಿಯನ್ನು ಹಾಸ್ಯ ಮಾಡುತ್ತಿದ್ದವರು ಈಗ ತಾವೇ ಮಡಿಯಲ್ಲಿದ್ದಾರೆ." ಹೊರಗಿನಿಂದ ಬಂದು ಕೈಕಾಲು ತೊಳೆಯುವುದು ಒಳ್ಳೆಯದೆಂಬುದು ನಿರ್ವಿವಾದ. ಆದರೆ ಈ ಎರಡು ಅಂತರಗಳು ಒಂದೇ ಎನ್ನುವುದು ವಿಚಾರಕ್ಕೆ ನಿಲ್ಲದು. ಮಡಿಯಲ್ಲಿರುವವನು ದೇವರ ಪೂಜೆಗಾಗಿ ತನ್ನ ಮೇಲೆ ತಾನೇ ಒಂದು ನಿಯಮವನ್ನು ಹೇರಿಕೊಳ್ಳುತ್ತಾನೆ. ಸಾಂಕ್ರಾಮಿಕದ ಕಾಲದ ಅಂತರಕ್ಕೆ ಕಾರಣ ಬೇರೆ. ರೋಗಲಕ್ಷಣ ತೋರುವ ಮುನ್ನವೇ ಈ ಸೋಂಕು ಒಬ್ಬರಿಂದ ಒಬ್ಬರಿಗೆ ಹರಡಬಲ್ಲುದು; ಆದುದರಿಂದ ದೋಷವು ತನ್ನಲ್ಲಿಯೇ ಇರಬಹುದೆಂದು ಶಂಕಿಸಿ, ಇನ್ನೊಬ್ಬನ ಹಿತಕ್ಕಾಗಿ ಹಿಂದೆ ಸರಿದು ನಿಲ್ಲುವುದು ಅದರ ತಿರುಳು. ಎರಡರಲ್ಲಿಯೂ ನಿಯಮವು ಪಾಲಿಸುವವನ ಮೇಲೆ. ಎದುರಿಗಿರುವವನನ್ನು ಹೀನನೆಂದು ಎಣಿಸಲು ಎರಡರಲ್ಲಿಯೂ ಆಧಾರವಿಲ್ಲ. ನಮ್ಮ ಪತ್ರವಾದರೋ ನಿಯಮವನ್ನೆಲ್ಲ ಆಕೆಯ ಮೇಲೆ ಹೊರಿಸಿ, ನಮ್ಮನ್ನು ಶುದ್ಧರೆಂದು ಎಣಿಸಿಕೊಂಡಿತ್ತು. ಅದು ಮಡಿಯೂ ಅಲ್ಲ, ವೈದ್ಯಶಾಸ್ತ್ರವೂ ಅಲ್ಲ; ಅಂಜಿಕೆಗೆ ತೊಡಿಸಿದ ಧರ್ಮದ ವೇಷ.

ನಾಗಪುರದಲ್ಲಿರುವವರು ಇದನ್ನು ಮರೆಯುವುದು ಸಲ್ಲದು. 1956ರ ಅಕ್ಟೋಬರ್ 14ರಂದು ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧ ದೀಕ್ಷೆ ಪಡೆದ ದೀಕ್ಷಾಭೂಮಿಯು ಇದೇ ಊರಿನಲ್ಲಿದೆ. ತಲೆಮಾರುಗಳ ಕಾಲ ದೂರವಿರಿಸಲ್ಪಟ್ಟವರು ಅಲ್ಲಿ ನೆರೆದಿದ್ದರು. 'ಸಾಮಾಜಿಕ ಅಂತರ' ಎಂಬ ಶಬ್ದವು ಅವರ ಮನೆಗಳಲ್ಲಿ ಹೇಗೆ ಕೇಳಿಸಿತ್ತೆಂಬುದನ್ನು ನಾವು ಊಹಿಸಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್‌ನಲ್ಲಿಯೇ 'ದೈಹಿಕ ಅಂತರ' ಎಂಬ ಮಾತನ್ನು ಬಳಸತೊಡಗಿತು. ದೂರವಿರಬೇಕಾದುದು ದೇಹಗಳು, ಮನಸ್ಸುಗಳಲ್ಲ ಎಂಬುದೇ ಅದರ ಆಶಯ.

ಚಪ್ಪಾಳೆಯ ಪ್ರಶ್ನೆಗೆ ಹಿಂದಿರುಗೋಣ. ಆಚಾರ್ಯ ಮಧ್ವರು ಜನಸೇವೆಯನ್ನು ಪ್ರಭುವಿಗೆ ಸಲ್ಲಿಸಬೇಕಾದ ಕರಕ್ಕೆ ಹೋಲಿಸಿದ್ದಾರೆ. ಈ ಹೋಲಿಕೆಯು ಬಹಳ ಕಠಿಣವಾದುದು. ಕೊಟ್ಟರೆ ಪುಣ್ಯ, ಕೊಡದಿದ್ದರೆ ಕೇಳುವವರಿಲ್ಲ ಎಂಬ ಸೌಲಭ್ಯವು ದಾನದಲ್ಲಿದೆ, ಕರದಲ್ಲಿಲ್ಲ. ನಾವು ಚಪ್ಪಾಳೆಯನ್ನು ದಾನದಂತೆ ಕೊಟ್ಟೆವು; ನಮ್ಮ ಉದಾರತೆಗೆ ನಾವೇ ಸಂತೋಷಪಟ್ಟೆವು. ಸಲ್ಲಬೇಕಾದುದು ಬಾಕಿಯೇ ಉಳಿಯಿತು. 'ಕೊರೊನಾ ಯೋಧರು' ಎಂದು ಕರೆದುದರಲ್ಲಿಯೂ ಒಂದು ಅಪಾಯವಿತ್ತು. ಯೋಧನೆಂದ ಮೇಲೆ ಅವನು ಸಾಯಲು ಸಿದ್ಧನಿರಬೇಕು, ಸಂಬಳದ ಮಾತು ಎತ್ತಬಾರದು ಎಂದು ನಾವು ಒಳಗೊಳಗೇ ನಿರೀಕ್ಷಿಸುತ್ತೇವೆ. 2020ರ ಜುಲೈಯಲ್ಲಿ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನವನ್ನೂ ರಕ್ಷಣಾ ಸಾಮಗ್ರಿಯನ್ನೂ ಕೇಳಿ ಮುಷ್ಕರ ಹೂಡಿದಾಗ, ಇಂಥ ಸಮಯದಲ್ಲಿ ಹೀಗೆ ಮಾಡಬಹುದೇ ಎಂದು ಆಕ್ಷೇಪಿಸಿದವರಲ್ಲಿ ಚಪ್ಪಾಳೆ ತಟ್ಟಿದವರೂ ಇದ್ದರು. ಇಂಥ ಸಮಯದಲ್ಲಿ ಕೇಳದೆ ಅವರು ಇನ್ನಾವಾಗ ಕೇಳಬೇಕಾಗಿತ್ತು? ಮುಖಗವಸು ಬೇಕಾಗಿದ್ದುದೂ ಆಗಲೇ ಅಲ್ಲವೇ?

ಮರುವರ್ಷ, 2021ರ ಏಪ್ರಿಲ್‌ನಲ್ಲಿ, ನಾಗಪುರ ಜಿಲ್ಲೆಯಲ್ಲಿ ಒಂದೇ ದಿನಕ್ಕೆ 7,000ಕ್ಕೂ ಹೆಚ್ಚು ಹೊಸ ಪ್ರಕರಣಗಳು ಕಂಡ ದಿನಗಳಿದ್ದವು. ಹಾಸಿಗೆಗಾಗಿ ಜನರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದರು. ನಮ್ಮ ಮನೆಯ ಹಿರಿಯರೊಬ್ಬರಿಗೆ ರಾತ್ರಿ ಉಸಿರು ಕಟ್ಟಿದಂತಾದಾಗ ನಾವು ಹೋಗಿ ತಟ್ಟಿದ್ದು ಎರಡನೆಯ ಮಹಡಿಯ ಬಾಗಿಲನ್ನು. ಆ ತಾಯಿ ಮುಖಗವಸು ಕಟ್ಟಿಕೊಂಡು ಬಂದು ನಮ್ಮ ಹೊಸ್ತಿಲಾಚೆ ನಿಂತರು. "ಕಾಕಾ, ನಾನು ದಿನವಿಡೀ ರೋಗಿಗಳ ನಡುವೆ ಇದ್ದವಳು. ನನ್ನಿಂದ ಮನೆಯ ಉಳಿದವರಿಗೆ ಬರಬಾರದು, ನೀವು ದೂರವೇ ನಿಲ್ಲಿ. ಮೊದಲು ಕಿಟಕಿಗಳನ್ನು ತೆರೆಯಿರಿ" ಎಂದರು. ಬೋರಲು ಮಲಗಿಸುವ ಕ್ರಮವನ್ನು ತಿಳಿಸಿದರು. ಬೆರಳಿಗೆ ಆಕ್ಸಿಮೀಟರ್ ಹಾಕಿಸಿ ಅಂಕಿಯನ್ನು ಓದಿಸಿದರು. ಬೆಳಗಿನವರೆಗೆ ಮೂರು ಬಾರಿ ಬಂದು ವಿಚಾರಿಸಿದರು. ಹಿರಿಯರು ಉಳಿದರು.

ಆಕೆಯೂ ಆರಡಿ ದೂರದಲ್ಲಿಯೇ ನಿಂತಿದ್ದರು. ಆಕೆಯ ಅಂತರದಲ್ಲಿ ನಮ್ಮ ಬಗ್ಗೆ ಕಾಳಜಿಯಿತ್ತು. ನಮ್ಮ ಅಂತರದಲ್ಲಿ ನಮ್ಮ ಬಗ್ಗೆಯೇ ಕಾಳಜಿಯಿತ್ತು. ಒಂದು ವಾರದ ತರುವಾಯ ನಾವು ಹೋಗಿ ಪತ್ರದ ವಿಷಯವೆತ್ತಿ ಕ್ಷಮೆ ಕೋರಿದೆವು. "ಎಲ್ಲರಿಗೂ ಭಯವಿತ್ತು, ನನಗೂ ಇತ್ತು" ಎಂದಷ್ಟೇ ಹೇಳಿದರು. ಕ್ಷಮಿಸಿದೆನೆಂದು ಅವರು ಹೇಳಲಿಲ್ಲ. ಹೇಳಬೇಕೆಂದು ಕೇಳುವ ಅಧಿಕಾರವೂ ನಮಗಿರಲಿಲ್ಲ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಋಣವು ಮುಗಿದಿಲ್ಲ. ಆಸ್ಪತ್ರೆಯಲ್ಲಿ ದಾದಿಯೊಡನೆ ಗದರದೆ ಮಾತನಾಡುವುದು, ಕಸ ಒಯ್ಯುವವನಿಗೆ ಗಾಜಿನ ಚೂರುಗಳನ್ನು ಬೇರೆ ಕಟ್ಟಿಕೊಡುವುದು, ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಕುಳಿತುಕೊಳ್ಳಲು ಸ್ಥಳ ಕೊಡುವುದು, ಅವರ ಸಂಬಳದ ಬೇಡಿಕೆ ಬಂದಾಗ ನ್ಯಾಯದ ಪಕ್ಷದಲ್ಲಿ ನಿಲ್ಲುವುದು: ಇವು ಕರದ ಕಂತುಗಳು. ಮತ್ತೊಂದು ಮಹಾಮಾರಿ ಬಂದರೆ ನಾವು ಮತ್ತೆ ಗಂಟೆ ಬಾರಿಸಿಯೇವು. ಆದರೆ ಅದಕ್ಕೆ ಮೊದಲು ಲಿಫ್ಟಿನ ಬಾಗಿಲನ್ನು ತೆರೆದಿಡುವಷ್ಟು ವಿವೇಕವನ್ನು ಭಗವಂತನು ನಮಗೆ ಅನುಗ್ರಹಿಸಲಿ.