ಕೂಟಲೇಖವೂ ಹಿಂಸೆಯೇ?

ಗೃಹಸ್ಥನ ವ್ರತಗಳನ್ನು ನಿರೂಪಿಸಿದ ನಮ್ಮ ಆಚಾರ್ಯರು ವ್ರತದ ಲಕ್ಷಣವನ್ನು ಹೇಳಿ ಸುಮ್ಮನಾಗಲಿಲ್ಲ. ವ್ರತವು ಎಲ್ಲೆಲ್ಲಿ ಸೋರಿಹೋಗುತ್ತದೆ ಎಂಬುದನ್ನೂ ಅತಿಚಾರಗಳೆಂಬ ಹೆಸರಿನಿಂದ ಎಣಿಸಿ ತೋರಿಸಿದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರವನ್ನು ಸೃಷ್ಟಿಸುವುದು. ಅಚೌರ್ಯಾಣುವ್ರತದ ಐದರಲ್ಲಿ ಒಂದು ಪ್ರತಿರೂಪಕವ್ಯವಹಾರ, ಎಂದರೆ ಅಸಲಿನ ಹೆಸರಿನಲ್ಲಿ ನಕಲನ್ನು ಮಾರುವುದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಈ ದೋಷಗಳನ್ನು ತನ್ನದೇ ಶಬ್ದಗಳಲ್ಲಿ ಹೇಳುತ್ತದೆ. ವ್ಯಾಪಾರವನ್ನೇ ಜೀವನೋಪಾಯವಾಗಿ ನಂಬಿದ ಸಮಾಜಕ್ಕೆ ಇವು ಹೊಸ ಮಾತುಗಳಲ್ಲ. ಸಾಲಪತ್ರವನ್ನು ತಿದ್ದುವುದು, ತುಪ್ಪಕ್ಕೆ ಎಣ್ಣೆ ಬೆರೆಸುವುದು ಮೊದಲಾದ ದೃಷ್ಟಾಂತಗಳನ್ನು ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ.

ಆದರೆ ತುಪ್ಪವನ್ನು ಕೊಂಡವನು ಅಂದೇ ಮನೆಗೆ ಹೋಗಿ ಕಾಯಿಸಿ ನೋಡಬಲ್ಲನು. ಕೊಂಡವನು ಎಂದೂ ಪರೀಕ್ಷಿಸಲಾಗದ, ಬಹುಶಃ ಎಂದೂ ಕೆಲಸಕ್ಕೇ ಬಾರದ ಒಂದು ಸಾಮಗ್ರಿಯ ವಿಷಯದಲ್ಲಿ ಸುಳ್ಳು ಪರೀಕ್ಷಾಪತ್ರವನ್ನು ಕೊಟ್ಟರೆ ಅದನ್ನು ಏನೆನ್ನಬೇಕು? ಅದರಿಂದ ಯಾರಿಗೂ ಗಾಯವಾಗಲಿಲ್ಲ, ಯಾರೂ ಸಾಯಲಿಲ್ಲ ಎಂದಿಟ್ಟುಕೊಳ್ಳೋಣ. ಆಗ ಅದು ಸತ್ಯ ಮತ್ತು ಅಚೌರ್ಯವ್ರತಗಳ ದೋಷ ಮಾತ್ರವೋ, ಅಹಿಂಸಾವ್ರತದ ಭಂಗವೂ ಹೌದೋ? ದಕ್ಷಿಣ ಕೊರಿಯಾ ದೇಶದಲ್ಲಿ ೨೦೧೩ರಲ್ಲಿ ನಡೆದ ಒಂದು ಪ್ರಕರಣವು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತದೆ.

ಅಣುವಿದ್ಯುತ್ ಸ್ಥಾವರದಲ್ಲಿ ನಿಯಂತ್ರಣ ಕೇಬಲ್‌ಗಳೆಂಬವು ಇವೆ. ಅಪಘಾತವಾದಾಗ ಸುರಕ್ಷಾ ಯಂತ್ರಗಳಿಗೆ ಆಜ್ಞೆಯನ್ನು ಒಯ್ಯುವವು ಇವೇ. ನೀರಿನ ದೊಡ್ಡ ಕೊಳವೆಯೊಂದು ಒಡೆಯಿತೆಂದರೆ ಒಳಗೆಲ್ಲ ಅತ್ಯಂತ ಬಿಸಿಯಾದ ಹಬೆ ತುಂಬಿ ಒತ್ತಡವೂ ವಿಕಿರಣವೂ ಏರುತ್ತವೆ. ಆ ಕುಲುಮೆಯಂಥ ಸ್ಥಿತಿಯಲ್ಲಿಯೂ ತಂತಿಯ ಮೇಲಿನ ಹೊದಿಕೆ ಕರಗದೆ, ಬಿರಿಯದೆ ನಿಲ್ಲಬೇಕು. ಹೊಸ ಕೇಬಲ್ ಒಂದೇ ಅಲ್ಲ, ಅನೇಕ ವರ್ಷ ಸವೆದ ಕೇಬಲ್ ಕೂಡ ನಿಲ್ಲಬೇಕು. ಆದ್ದರಿಂದ ಪರೀಕ್ಷಕರು ಮಾದರಿಯ ತುಂಡನ್ನು ಮೊದಲು ಶಾಖಕ್ಕೂ ವಿಕಿರಣಕ್ಕೂ ಒಡ್ಡಿ ಕೃತಕವಾಗಿ ಮುದಿಗೊಳಿಸುತ್ತಾರೆ. ಆಮೇಲೆ ಮುಚ್ಚಿದ ಪಾತ್ರೆಯಲ್ಲಿಟ್ಟು ಅಪಘಾತದ ಹಬೆಯನ್ನು ಅದರ ಮೇಲೆ ಹಾಯಿಸುತ್ತಾರೆ. ಅಷ್ಟಾದ ಮೇಲೂ ಅದು ವಿದ್ಯುತ್ತನ್ನು ಸೋರದಂತೆ ಹಿಡಿದಿಡುತ್ತದೆಯೇ ಎಂದು ಅಳೆಯುತ್ತಾರೆ. ಬೆಂಕಿಯ ಪರೀಕ್ಷೆ ಬೇರೆ ಇದೆ. ಇದಾವುದನ್ನೂ ಸ್ಥಾವರದಲ್ಲಿ ಅಳವಡಿಸಿದ ಕೇಬಲ್‌ನ ಮೇಲೆಯೇ ಮಾಡಿ ನೋಡಲು ಬರುವುದಿಲ್ಲ. ಅಲ್ಲಿಗೆ ಬರುವುದು ಮಾದರಿಯನ್ನು ಕುರಿತ ಒಂದು ಕಾಗದ ಮಾತ್ರ. ಆ ಕಾಗದದ ಮೇಲೆಯೇ ಎಲ್ಲ ನಂಬಿಕೆ.

ಕೊರಿಯಾದಲ್ಲಿ ಆ ಕಾಗದವೇ ಸುಳ್ಳಾಗಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾಗದ ಫಲಿತಾಂಶಗಳನ್ನು ತಿದ್ದಿ, ತೇರ್ಗಡೆಯಾಯಿತೆಂದು ಬರೆಯಲಾಗಿತ್ತು. ಹೆಸರು ಹೇಳದ ಒಬ್ಬರ ಸುಳಿವಿನಿಂದ ತನಿಖೆ ಆರಂಭವಾಗಿ, ೨೦೧೩ರ ಮೇ ೨೮ರಂದು ಅಲ್ಲಿನ ಅಣುಸುರಕ್ಷಾ ಆಯೋಗವು ವಿಷಯವನ್ನು ಪ್ರಕಟಿಸಿತು. ಶಿನ್-ಕೋರಿ ಮತ್ತು ಶಿನ್-ವೋಲ್ಸಾಂಗ್ ಎಂಬ ಎರಡು ಸ್ಥಳಗಳ ನಾಲ್ಕು ಘಟಕಗಳಲ್ಲಿ ಈ ಕೇಬಲ್‌ಗಳಿದ್ದವು. ನಡೆಯುತ್ತಿದ್ದ ಎರಡನ್ನು ನಿಲ್ಲಿಸಲಾಯಿತು. ದುರಸ್ತಿಗೆಂದು ನಿಂತಿದ್ದ ಒಂದನ್ನು ಮತ್ತೆ ನಡೆಸಬಾರದೆಂದೂ, ಅನುಮತಿಗೆ ಕಾದಿದ್ದ ಇನ್ನೊಂದನ್ನು ಆರಂಭಿಸಬಾರದೆಂದೂ ಆಜ್ಞೆಯಾಯಿತು. ಆ ದೇಶದ ೨೩ ಘಟಕಗಳ ಪೈಕಿ ಆಗ ೧೦ ನಿಂತಂತಾಯಿತು. ಕಡುಬೇಸಗೆಯ ಆಗಸ್ಟ್ ತಿಂಗಳಲ್ಲಿ ಸರಕಾರಿ ಕಚೇರಿಗಳ ತಂಪುಯಂತ್ರಗಳನ್ನು ಆರಿಸಬೇಕಾಯಿತು. ಕೇಬಲ್‌ಗಳನ್ನೆಲ್ಲ ಕಿತ್ತು, ಬದಲಿಗೆ ಬೇರೆಯವನ್ನು ಹಾಕಿ, ಅವುಗಳ ಯೋಗ್ಯತೆ ದೃಢಪಟ್ಟ ಮೇಲೆ, ೨೦೧೪ರ ಜನವರಿಯಲ್ಲಿ ಘಟಕಗಳು ಮತ್ತೆ ನಡೆಯತೊಡಗಿದವು. ನಿರ್ಮಾಣ ಹಂತದಲ್ಲಿದ್ದ ಇನ್ನೆರಡು ಘಟಕಗಳ ಕೇಬಲ್‌ಗಳನ್ನು ೨೦೧೩ರ ಅಕ್ಟೋಬರಿನಲ್ಲಿ ಪುನಃ ಪರೀಕ್ಷಿಸಿದಾಗ ಅವು ಬೆಂಕಿಯ ಪರೀಕ್ಷೆಯಲ್ಲಿ ಸೋತವು, ಅವನ್ನೂ ಕೀಳಬೇಕಾಯಿತು. ತಯಾರಿಸಿದವರು, ಪರೀಕ್ಷಿಸಿದವರು, ಕೊಂಡ ಸಂಸ್ಥೆಯ ಕೆಲವು ಅಧಿಕಾರಿಗಳು ಸೆರೆಮನೆಯನ್ನು ಕಂಡರು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಅಂಗಡಿಯಲ್ಲಿ ಕುಳಿತ ಯಾರಾದರೂ ಅದನ್ನು ಬಲ್ಲರು. ‘ಆ ಕೇಬಲ್‌ಗಳಿಂದ ಒಂದು ಇರುವೆಯೂ ಸಾಯಲಿಲ್ಲ. ಕೊಳವೆ ಒಡೆಯುವುದು ಅಪರೂಪದಲ್ಲಿ ಅಪರೂಪ. ಸರಬರಾಜಿನ ಅವಧಿ ಮೀರುತ್ತಿತ್ತು, ತಡವಾದರೆ ನಷ್ಟ. ಕೊಲ್ಲಬೇಕೆಂಬ ಸಂಕಲ್ಪ ಯಾರಿಗೂ ಇರಲಿಲ್ಲ. ಸುಳ್ಳು ಹೇಳಿದ್ದು ತಪ್ಪು, ಆದರೆ ಹಿಂಸೆ ಎಂಬ ದೊಡ್ಡ ಮಾತೇಕೆ?’ ಎಂದು.

ಉತ್ತರವು ಹಿಂಸೆಯ ಲಕ್ಷಣದಲ್ಲಿಯೇ ಇದೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಲಕ್ಷಿಸುವಾಗ ಪ್ರಾಣಘಾತವನ್ನು ಪ್ರಮಾದದೊಡನೆ ಸೇರಿಸಿ ಹೇಳುತ್ತದೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನಷ್ಟು ಬಿಡಿಸಿದ್ದಾರೆ. ಅವರ ಅಭಿಪ್ರಾಯದ ಸಾರವಿಷ್ಟು: ಎಚ್ಚರದಿಂದ ನಡೆಯುವವನ ಕಾಲಿಗೆ ಸಿಕ್ಕಿ ಜೀವವೊಂದು ಸತ್ತರೂ ಅವನಿಗೆ ಹಿಂಸೆಯ ದೋಷವಿಲ್ಲ; ರಾಗಾದಿಗಳಿಗೆ ವಶನಾಗಿ ಎಚ್ಚರಗೆಟ್ಟವನಿಗೆ ಜೀವ ಸಾಯಲಿ, ಸಾಯದಿರಲಿ, ಹಿಂಸೆಯ ದೋಷ ತಪ್ಪದು. ಸತ್ತವರ ಸಂಖ್ಯೆಯಿಂದ ಹಿಂಸೆಯನ್ನು ಅಳೆಯುವ ಲೆಕ್ಕಪದ್ಧತಿ ನಮ್ಮದಲ್ಲ. ತೇರ್ಗಡೆಯಾಗಲಿಲ್ಲವೆಂದು ಕಣ್ಣಾರೆ ಕಂಡು ‘ತೇರ್ಗಡೆಯಾಯಿತು’ ಎಂದು ಬರೆದ ಕ್ಷಣದಲ್ಲಿ ಲೋಭವೂ ಮಾಯೆಯೂ ಎಂಬ ಎರಡು ಕಷಾಯಗಳು ಕೆಲಸ ಮಾಡಿವೆ. ತಾನು ಎಂದೂ ಕಾಣದ ಸಾವಿರಾರು ಜನರ ಪ್ರಾಣವನ್ನು ಕುರಿತ ಎಚ್ಚರವನ್ನು ಬರೆದವನು ಬುದ್ಧಿಪೂರ್ವಕವಾಗಿ ಬಿಟ್ಟಿದ್ದಾನೆ. ದ್ರವ್ಯಹಿಂಸೆ ಆಗಲಿಲ್ಲ, ನಿಜ. ಭಾವಹಿಂಸೆ ಆ ಲೇಖನಿಯ ತುದಿಯಲ್ಲಿಯೇ ಮುಗಿದುಹೋಯಿತು.

ಇದು ಉದ್ಯೋಗೀ ಹಿಂಸೆಯಲ್ಲವೇ, ಗೃಹಸ್ಥನಿಗೆ ಅದು ಅನಿವಾರ್ಯವಲ್ಲವೇ ಎಂದು ಕೇಳಬಹುದು. ಹೊಲ ಉಳುವವನಿಗೂ ಗಿರಣಿ ನಡೆಸುವವನಿಗೂ ಆ ವಿನಾಯಿತಿ ದೊರೆತದ್ದು ಅವನು ತನ್ನಿಂದಾದಷ್ಟು ಯತ್ನಾಚಾರದಿಂದ ನಡೆಯುತ್ತಾನೆಂಬ ಆಧಾರದ ಮೇಲೆ. ಎಚ್ಚರವನ್ನೇ ಮಾರಿ ಹಣ ಮಾಡಿದವನು ಎಚ್ಚರವುಳ್ಳವನ ವಿನಾಯಿತಿಯನ್ನು ಬೇಡಲಾರನು. ಕೊಲ್ಲುವ ಉದ್ದೇಶವಿಲ್ಲದ್ದರಿಂದ ಅದನ್ನು ಸಂಕಲ್ಪೀ ಹಿಂಸೆಯೆಂದು ನೇರವಾಗಿ ಕರೆಯಲು ನಾನು ಹಿಂಜರಿಯುತ್ತೇನೆ. ಆದರೆ ಉದ್ಯೋಗೀ ಹಿಂಸೆಯ ನೆರಳಿನಲ್ಲಿ ಅದಕ್ಕೆ ಸ್ಥಳವಿಲ್ಲ ಎಂಬುದರಲ್ಲಿ ಸಂದೇಹವಿಲ್ಲ.

ಹೊಣೆ ಯಾರದು ಎಂಬ ಪ್ರಶ್ನೆಗೂ ಶಾಸ್ತ್ರದಲ್ಲಿ ಉತ್ತರವಿದೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು, ಮನ, ವಚನ, ಕಾಯ ಎಂಬ ಮೂರು, ಕೃತ, ಕಾರಿತ, ಅನುಮೋದಿತ ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ೧೦೮. ಪಾಪವು ಒಳಬರುವ ನೂರೆಂಟು ಬಾಗಿಲುಗಳಿವು. ಕೊರಿಯಾದ ಪ್ರಕರಣದಲ್ಲಿ ಬರೆದವನು ‘ತಯಾರಕರು ಹೇಳಿದರು’ ಎನ್ನಬಹುದು. ತಯಾರಕರು ‘ಪರೀಕ್ಷಾ ಸಂಸ್ಥೆ ಬರೆಯಿತು’ ಎನ್ನಬಹುದು. ಅಧಿಕಾರಿ ‘ಕಾಗದ ಸರಿಯಾಗಿತ್ತು’ ಎನ್ನಬಹುದು. ಆಧುನಿಕ ಉದ್ಯಮದಲ್ಲಿ ಹೊಣೆಯು ಹೀಗೆ ಕೈಯಿಂದ ಕೈಗೆ ಹೋಗುತ್ತ ಕೊನೆಗೆ ಕಾಣೆಯಾಗುತ್ತದೆ. ಆಸ್ರವದ ಲೆಕ್ಕದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹೊಣೆ ಹಂಚಿಹೋಗಿ ಕಡಿಮೆಯಾಗುವುದಿಲ್ಲ. ಮಾಡಿದವನಿಗೆ, ಮಾಡಿಸಿದವನಿಗೆ, ತಿಳಿದೂ ತಲೆಯಾಡಿಸಿದವನಿಗೆ ಅವರವರ ಭಾವಕ್ಕೆ ತಕ್ಕಂತೆ ಬಂಧವುಂಟು.

ಕೇಬಲ್ ಎಂದರೆ ಅಲ್ಪವಸ್ತುವೆಂದು ತೋರಬಹುದು. ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ೧೯೯೩ರ ಮಾರ್ಚ್ ೩೧ರಂದು ಟರ್ಬೈನಿನ ಅಲಗುಗಳು ಮುರಿದು ಬೆಂಕಿ ಹೊತ್ತಿ ಕೇಬಲ್‌ಗಳು ಉರಿದಾಗ ಸುಮಾರು ೧೭ ಗಂಟೆಗಳ ಕಾಲ ಇಡೀ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ. ಸಿಬ್ಬಂದಿ ಕತ್ತಲಲ್ಲಿ ಟಾರ್ಚ್ ಹಿಡಿದು ಹತ್ತಿ ಕವಾಟಗಳನ್ನು ಕೈಯಿಂದ ತೆರೆದರು. ಡೀಸೆಲ್ ಪಂಪುಗಳಿಂದ ನೀರು ಹಾಯಿಸಿ ಅನಾಹುತವನ್ನು ತಡೆದರು. ನಮ್ಮ ಕಾಳೀ ನದಿಯ ದಡದ ಕೈಗಾದಲ್ಲಿಯೂ ನಾಲ್ಕು ಘಟಕಗಳು ನಡೆಯುತ್ತಿರುವುದರಿಂದ ಇದು ಪರದೇಶದ ಸುದ್ದಿಯೆಂದು ನಾವು ದೂರವಿಡುವಂತಿಲ್ಲ. ಅಂಥ ರಾತ್ರಿಯಲ್ಲಿ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ. ಎಂದೋ ಪರೀಕ್ಷೆಯ ದಿನ ಒಬ್ಬನು ಸತ್ಯವನ್ನು ಬರೆದನೋ ಇಲ್ಲವೋ ಎಂಬುದೇ ಅಂದು ಫಲಿಸುತ್ತದೆ.

ಪರೀಕ್ಷೆ ಎಂಬುದು ಜೈನಗೃಹಕ್ಕೆ ಹೊರಗಿನಿಂದ ಬಂದ ಪದ್ಧತಿಯಲ್ಲ. ನೀರು ಸೋಸುವ ನಮ್ಮ ಆಚಾರವನ್ನೇ ನೋಡಿ. ದಪ್ಪನೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಜಲಾಶಯಕ್ಕೆ ಮರಳಿಸಬೇಕು. ಸೋಸಿದ ನೀರಿಗೂ ಒಂದು ಮುಹೂರ್ತ, ಎಂದರೆ ೪೮ ನಿಮಿಷಗಳ ಅವಧಿಯಿದೆ, ಆಮೇಲೆ ಪುನಃ ಸೋಸಬೇಕು. ಬಟ್ಟೆ ಸವೆದರೆ ಬದಲಿಸಬೇಕು; ಹೊಸದನ್ನು ಬಿಸಿಲಿಗೆ ಹಿಡಿದು ರಂಧ್ರಗಳಿಲ್ಲವೆಂದು ನೋಡಿಯೇ ಪಾತ್ರೆಗೆ ಕಟ್ಟಬೇಕು. ಹೊಸತು ಎಂಬುದಷ್ಟೇ ಒಳ್ಳೆಯದೆಂಬುದಕ್ಕೆ ಸಾಕ್ಷಿಯಲ್ಲ. ಮುನಿಗಳ ಆದಾನನಿಕ್ಷೇಪಣ ಸಮಿತಿಯೂ ಇದನ್ನೇ ಕಲಿಸುತ್ತದೆ: ನಿನ್ನೆ ನೋಡಿದ್ದೆನೆಂದು ಇಂದು ನೋಡದೆ ಎತ್ತುವಂತಿಲ್ಲ, ಇಡುವಂತಿಲ್ಲ. ಪರೀಕ್ಷಿಸುವಾಗಲೂ ಈ ಎಚ್ಚರ ತಪ್ಪಬಾರದು. ಅಮೆರಿಕದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ ೧೯೭೫ರ ಮಾರ್ಚ್ ೨೨ರಂದು ಗೋಡೆಯ ಸಂದಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ಮೇಣದಬತ್ತಿಯ ಜ್ವಾಲೆಯಿಂದ ಪರೀಕ್ಷಿಸಲು ಹೋಗಿ, ಸಂದಿಗೆ ತುಂಬಿದ್ದ ವಸ್ತುವಿಗೇ ಬೆಂಕಿ ತಗುಲಿ ೧೬೦೦ ಕೇಬಲ್‌ಗಳು ಕೆಟ್ಟವು.

ಇನ್ನು ಕಠಿನವಾದ ಪ್ರಶ್ನೆ. ಘಟಕಗಳನ್ನು ನಿಲ್ಲಿಸಿದ್ದರಿಂದ ಬೇಸಗೆಯಲ್ಲಿ ವೃದ್ಧರಿಗೂ ರೋಗಿಗಳಿಗೂ ಕಷ್ಟವಾಗಿರಬಹುದು, ಅದೂ ಪರಪೀಡೆಯಲ್ಲವೇ? ಅನೇಕಾಂತದೃಷ್ಟಿಯು ಈ ಪಕ್ಷವನ್ನು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಪಕ್ಷಗಳೂ ಸಮಾನವೆಂದು ಹೇಳಿ ಕೈಕಟ್ಟಿ ಕೂರುವುದು ಅನೇಕಾಂತವಲ್ಲ. ಬೇಸಗೆಯ ಸೆಕೆಯು ಎಲ್ಲರಿಗೂ ತಿಳಿದ, ಎಲ್ಲರೂ ಹಂಚಿಕೊಂಡ, ಉಪಾಯದಿಂದ ತಗ್ಗಿಸಬಹುದಾದ ಕಷ್ಟ. ಸುಳ್ಳು ಕೇಬಲ್‌ನ ಅಪಾಯವು ಸುತ್ತಲಿನ ಜನರಿಗೆ ತಿಳಿಯದಂತೆ ಅವರ ತಲೆಯ ಮೇಲೆ ತೂಗಹಾಕಿದ್ದು. ತಿಳಿದ ಕಷ್ಟವನ್ನು ಆರಿಸಿಕೊಂಡ ಆಯೋಗವು ಸರಿಯಾದುದನ್ನೇ ಮಾಡಿತು. ಆ ಸೆಕೆಯ ಪಾಪವೂ ಮೂಲದಲ್ಲಿ ಕಾಗದ ತಿದ್ದಿದವರದೇ.

ಸುಳಿವು ಕೊಟ್ಟವರ ವಿಷಯವನ್ನೂ ವಿಚಾರಿಸಬೇಕು. ಗುಟ್ಟನ್ನು ಹೊರಗೆಡಹುವುದೂ ಚಾಡಿಯೂ ಸತ್ಯವ್ರತದ ಅತಿಚಾರಗಳಲ್ಲಿ ಸೇರಿವೆ. ಉಪಗೂಹನ, ಎಂದರೆ ಇತರರ ದೋಷವನ್ನು ಮುಚ್ಚುವುದು, ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಹಾಗಾದರೆ ಆ ವ್ಯಕ್ತಿ ತಪ್ಪು ಮಾಡಿದನೇ? ಇಲ್ಲ. ಅತಿಚಾರವಾಗುವುದು ಇನ್ನೊಬ್ಬನಿಗೆ ಕೇಡು ಬಯಸಿ ಆಡಿದ ಮಾತು. ಉಪಗೂಹನವಾದರೋ ಅಜ್ಞಾನಿಗಳಿಂದ, ಅಶಕ್ತರಿಂದ ಶುದ್ಧಮಾರ್ಗಕ್ಕೆ ಬರುವ ಅಪವಾದವನ್ನು ನಿವಾರಿಸುವುದು. ಲೋಭಿಯ ಅಪರಾಧಕ್ಕೆ ಪರದೆ ಹಿಡಿಯುವುದಲ್ಲ. ಜೀವರಕ್ಷಣೆಗಾಗಿ ಆಡಿದ ಸತ್ಯವು ಚಾಡಿಯಾಗದು. ಈ ವಿವೇಕವು ನಮ್ಮ ಸಂಸ್ಥೆಗಳಿಗೆ ಬಹಳ ಅಗತ್ಯ. ಏಕೆಂದರೆ ‘ಸಮಾಜದ ಮಾನ’ ಎಂಬ ಹೆಸರಿನಲ್ಲಿ ಉಪಗೂಹನವನ್ನು ತಪ್ಪು ಸ್ಥಳದಲ್ಲಿ ಬಳಸುವ ಅಭ್ಯಾಸ ನಮ್ಮಲ್ಲಿಯೂ ಇಲ್ಲದಿಲ್ಲ.

ಬಸದಿಯ ಟ್ರಸ್ಟುಗಳು ಅಣುಸ್ಥಾವರವನ್ನು ನಡೆಸುವುದಿಲ್ಲ. ಆದರೆ ಮಸ್ತಕಾಭಿಷೇಕಕ್ಕೆ ಅಟ್ಟಣಿಗೆ ಕಟ್ಟಿಸುತ್ತವೆ. ಪಂಚಕಲ್ಯಾಣದ ಮಂಟಪಕ್ಕೆ ವಿದ್ಯುತ್ ಎಳೆಸುತ್ತವೆ. ಯಾತ್ರಿಕರ ವಸತಿಗೃಹದಲ್ಲಿ ಬೆಂಕಿ ಆರಿಸುವ ಸಾಧನವನ್ನು ತೂಗುಹಾಕುತ್ತವೆ. ಇವುಗಳ ಪೂರೈಕೆದಾರರು ಅನೇಕ ವೇಳೆ ನಮ್ಮವರೇ ಆಗಿರುತ್ತಾರೆ. ‘ನಮ್ಮವರೇ ತಾನೆ, ಕಾಗದವೇಕೆ’ ಎಂದು ಬಿಡುವುದೂ ಉಂಟು. ಕಾಗದವನ್ನು ಕೇಳಬೇಕು. ಕಾಗದವಷ್ಟೇ ಸಾಲದು, ಭಾರ ಹೊರಿಸಿ ನೋಡುವ ದಿನ ಟ್ರಸ್ಟಿನ ಒಬ್ಬ ಸದಸ್ಯ ಎದುರು ನಿಂತಿರಬೇಕು. ಒಮ್ಮೆ ಬದಲಿಸಿದ ಸಾಧನವನ್ನು ಅವಧಿಗೆ ಸರಿಯಾಗಿ ಮತ್ತೆ ಪರೀಕ್ಷಿಸಬೇಕು. ವ್ಯಾಪಾರದಲ್ಲಿರುವ ಯುವಕರು, ಅದರಲ್ಲಿಯೂ ವಿದ್ಯುತ್ ಸಾಮಗ್ರಿ, ಔಷಧ, ಆಹಾರಪದಾರ್ಥಗಳ ವ್ಯಾಪಾರಿಗಳು, ಪರೀಕ್ಷಾಪತ್ರಕ್ಕೆ ರುಜು ಹಾಕುವ ಮುನ್ನ ಅದನ್ನು ಲೆಕ್ಕದ ಕಾಗದವೆಂದು ತಿಳಿಯದೆ, ಕಾಣದ ಜೀವಗಳಿಗೆ ತಾವು ಕೊಡುತ್ತಿರುವ ಅಭಯದಾನವೆಂದು ತಿಳಿಯಬೇಕು. ಸಾಮಗ್ರಿ ತೇರ್ಗಡೆಯಾಗದಿದ್ದರೆ ಆಗಲಿಲ್ಲವೆಂದು ಬರೆಯಲಿ. ಅದರಿಂದ ಬರುವ ನಷ್ಟವನ್ನು ಆ ವರ್ಷದ ಲೆಕ್ಕದಲ್ಲಿ ತುಂಬಿಕೊಳ್ಳಬಹುದು. ಬಂಧವನ್ನು ಹಾಗೆ ತುಂಬಿಕೊಳ್ಳಲು ಬರುವುದಿಲ್ಲ.