ಯಾವ ಊರಿನ ಮೀನು?

ನವರಾತ್ರಿಯ ಗೊಂಬೆಗಳು ಪೆಟ್ಟಿಗೆ ಸೇರಿ, ದೀಪಾವಳಿಯ ಚಕ್ಕುಲಿ-ಕೋಡುಬಳೆಗೆ ಇನ್ನೂ ಎಣ್ಣೆ ಕಾಯಿಸದ ಎರಡು ಮೂರು ವಾರಗಳಿವೆಯಲ್ಲ, ಸಿಯಾಟಲ್ ಸೀಮೆಯಲ್ಲಿ ವರ್ಷದ ಅತಿ ಸುಂದರ ದಿನಗಳೆಂದರೆ ಅವೇ. ಆ ದಿನಗಳಲ್ಲಿ ಇಸಾಕ್ವಾ ತೊರೆಯ ದಡಕ್ಕೆ ಒಮ್ಮೆ ಹೋಗಿಬನ್ನಿ. ಮಲೆನಾಡಿನವರು ಇದನ್ನು ಹಳ್ಳ ಎಂದಾರು. ಬಯಲುಸೀಮೆಯವರಿಗೆ ಇದೇ ದೊಡ್ಡ ಹೊಳೆ. ದಡದ ಬಿಗ್‌ಲೀಫ್ ಮೇಪಲ್ ಮರದ ಎಲೆ ಒಂದು ಅಡಿಯಷ್ಟು ಅಗಲ, ಮುತ್ತುಗದ ಎಲೆಯ ಹಾಗೆ ಹಚ್ಚಿ ಊಟಕ್ಕೆ ಹಾಕಬಹುದೇನೋ ಎನ್ನಿಸುವಷ್ಟು. ಅಕ್ಟೋಬರಿನಲ್ಲಿ ಅದಕ್ಕೆ ಅರಿಶಿನದ ಬಣ್ಣ, ಪಕ್ಕದ ವೈನ್ ಮೇಪಲ್‌ಗೆ ಕುಂಕುಮದ ಬಣ್ಣ. ಆಲ್ಡರ್ ಮರ ಮಾತ್ರ ಎಲೆಯನ್ನು ಹಣ್ಣಾಗಿಸುವ ಗೋಜಿಗೇ ಹೋಗದೆ ಹಸಿರಾಗಿಯೇ ಉದುರಿಸಿಬಿಡುತ್ತದೆ. ನಮ್ಮ ಹುರುಳಿ, ಅವರೆ ಗಿಡಗಳಂತೆ ಅದರ ಬೇರಿನ ಗಂಟುಗಳಲ್ಲೂ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳಿವೆ. ಮನೆಯಲ್ಲೇ ಸಂಪತ್ತು ಇರುವವರಿಗೆ ಜಿಪುಣತನ ಏತಕ್ಕೆ?

ನೀರಿನಲ್ಲಿ ನೋಡಿದರೆ ಸಾಲ್ಮನ್. ಸೆಪ್ಟೆಂಬರಿನಿಂದ ಚಿನೂಕ್, ಅದರ ಹಿಂದೆಯೇ ಕೋಹೋ. ಸಮುದ್ರದಿಂದ ಸಿಹಿನೀರಿಗೆ ಕಾಲಿಟ್ಟ ಮೇಲೆ ಇವು ಆಹಾರ ಮುಟ್ಟುವುದಿಲ್ಲ. ಮೈಯ ಕೊಬ್ಬನ್ನೇ ಸುಟ್ಟುಕೊಂಡು, ಬಾಲ ಬೆಳ್ಳಗೆ ಸವೆದು, ಮೊಟ್ಟೆಯಿಟ್ಟು ಕೆಲವೇ ದಿನಗಳಲ್ಲಿ ಸಾಯುತ್ತವೆ. ಸತ್ತ ಮೀನಿನ ವಾಸನೆ ನಮ್ಮಂಥ ಸಸ್ಯಾಹಾರಿಗಳಿಗೆ ಸ್ವಲ್ಪ ಕಷ್ಟವೇ. ಆದರೆ ಆ ದೇಹಗಳನ್ನು ಹದ್ದು, ಗಲ್ ಹಕ್ಕಿ, ರಕೂನ್‌ಗಳು ಹಂಚಿಕೊಳ್ಳುತ್ತವೆ. ಉಳಿದದ್ದು ಮಣ್ಣಿಗೆ ಸೇರುತ್ತದೆ. ಇಂಥ ತೊರೆಗಳ ದಡದ ಮರಗಳ ಎಲೆಯಲ್ಲೂ ಕಾಂಡದಲ್ಲೂ ಸಮುದ್ರದಿಂದ ಬಂದ ಸಾರಜನಕವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಮರವು ಸಮುದ್ರವನ್ನು ಕಂಡಿಲ್ಲ, ಸಮುದ್ರ ಮಾತ್ರ ಮರದೊಳಗೆ ಇದೆ.

ಹುಟ್ಟೂರಿಗೆ ಮರಳಿ ಪ್ರಾಣ ಬಿಡುವ ಈ ಮೀನನ್ನು ಕಂಡಾಗ ನಮ್ಮಂಥ ವಲಸಿಗರ ಗಂಟಲು ಕಟ್ಟುವುದು ಸಹಜ. ಕೂಟದ ಕವಿಗೋಷ್ಠಿಯಲ್ಲಿ ಪ್ರತಿ ವರ್ಷ ಒಂದಾದರೂ ಸಾಲ್ಮನ್ ಕವನ ಇದ್ದೇ ಇರುತ್ತದೆ. ನನಗೆ ಹೇಳಬೇಕಾದದ್ದು ಬೇರೆ. ಕಳೆದ ಶರತ್ಕಾಲದಲ್ಲಿ ನಮ್ಮ ಕೆಲವು ಕುಟುಂಬಗಳು ಸ್ವಯಂಸೇವಕರಾಗಿ ಇಂಥದೇ ಒಂದು ದಡದಲ್ಲಿ ಬ್ಲ್ಯಾಕ್‌ಬೆರಿಯ ಮುಳ್ಳುಪೊದೆ ಕೀಳಲು ಹೋಗಿದ್ದವು. ಏಳನೆಯ ತರಗತಿಯ ಹುಡುಗಿಯೊಬ್ಬಳು ಕೈಗವಸು ಕಳಚುತ್ತಾ ಕೇಳಿದಳು: “ಅಂಕಲ್, ಇದು ಹೊರಗಿನಿಂದ ಬಂದಿದ್ದು ಅಂತ ಕೀಳ್ತಾ ಇದ್ದೀವಿ. ನಾವೂ ಹೊರಗಿನಿಂದ ಬಂದವರೇ ಅಲ್ವಾ?”

ದೊಡ್ಡವರು ನಕ್ಕರು. ನಕ್ಕು ಮುಗಿಸುವ ಪ್ರಶ್ನೆ ಅದಲ್ಲ ಎಂದು ನನ್ನ ಅಭಿಪ್ರಾಯ.

ಆ ಗಿಡದ ಜಾತಕವೇ ವಿಚಿತ್ರ. ಹೆಸರು ಹಿಮಾಲಯನ್ ಬ್ಲ್ಯಾಕ್‌ಬೆರಿ. ಲೂಥರ್ ಬರ್ಬ್ಯಾಂಕ್ ಎಂಬ ಪ್ರಸಿದ್ಧ ಸಸ್ಯತಜ್ಞ ಭಾರತದಿಂದ ತರಿಸಿದ ಬೀಜದಿಂದ ಬೆಳೆಸಿ, 1885ರಲ್ಲಿ ಅಮೆರಿಕದ ತೋಟಗಳಿಗೆ ಇದನ್ನು ಪರಿಚಯಿಸಿದ. ಭಾರತದಿಂದ ಬಂದದ್ದೆಂದು ಹಿಮಾಲಯದ ಹೆಸರಿಟ್ಟ. ನಿಜವಾಗಿ ಇದರ ತವರು ಅರ್ಮೇನಿಯಾ, ಉತ್ತರ ಇರಾನ್ ಕಡೆ. ಹಣ್ಣು ಸೊಗಸು, ಹಕ್ಕಿಗಳಿಗೂ ಇಷ್ಟ, ಬೀಜ ಹರಡುವವೂ ಅವೇ. ಈಗ ಪಶ್ಚಿಮ ಕರಾವಳಿಯ ಉದ್ದಕ್ಕೂ ತೊರೆಯ ದಡಗಳನ್ನು ಇದು ಆಳುತ್ತಿದೆ. ಅದರ ಮಗ್ಗುಲಲ್ಲೇ ಈ ನೆಲದ ಸ್ವಂತ ಬ್ಲ್ಯಾಕ್‌ಬೆರಿಯೂ ಇದೆ: ಸಣ್ಣ ಬಳ್ಳಿ, ಮೂರೆಲೆಯ ಗೊಂಚಲು, ನೆಲಕ್ಕೆ ಅಂಟಿಕೊಂಡು ಹರಿಯುವಂಥದ್ದು. ಹುಡುಕಿದರೆ ಮಾತ್ರ ಸಿಕ್ಕೀತು.

ಹಾಗಾದರೆ ಹೊರಗಿನದು ಯಾವುದು, ಒಳಗಿನದು ಯಾವುದು? ಹಿಂದಕ್ಕೆ ಹೋದಷ್ಟೂ ಕಾಲು ಜಾರುತ್ತದೆ. ಸುಮಾರು ಹದಿನೇಳು ಸಾವಿರ ವರ್ಷಗಳ ಹಿಂದೆ ಈ ಪ್ರದೇಶವೆಲ್ಲ ಸಾವಿರಾರು ಅಡಿ ದಪ್ಪದ ಹಿಮದ ಕೆಳಗಿತ್ತು. ತೊರೆಯೂ ಇರಲಿಲ್ಲ, ಮೇಪಲ್ಲೂ ಇರಲಿಲ್ಲ. ಹಿಮ ಕರಗಿದ ಮೇಲೆ ದಾರಿ ತಪ್ಪಿದ ಕೆಲವು ಸಾಲ್ಮನ್‌ಗಳು ಹೊಸ ನೀರಿಗೆ ನುಗ್ಗಿ ಮೊಟ್ಟೆಯಿಟ್ಟಿದ್ದರಿಂದಲೇ ಇಲ್ಲಿ ಸಾಲ್ಮನ್ ಉಂಟಾಯಿತು. ಇಂದಿಗೂ ಸ್ವಲ್ಪ ಪಾಲು ಮೀನು ತವರಿಗೆ ಹೋಗದೆ ಬೇರೆ ತೊರೆ ಸೇರುತ್ತದೆ. ಎಲ್ಲ ಮೀನೂ ತಪ್ಪದೆ ತವರಿಗೇ ಹಿಂದಿರುಗಿದ್ದರೆ ಈ ಹಳ್ಳಗಳೆಲ್ಲ ಬರಿದಾಗಿರುತ್ತಿದ್ದವು.

ಇಸಾಕ್ವಾದ ಮೀನಿನ ಕಥೆಯನ್ನೇ ಕೇಳಿ. ಮರ ಕಡಿತ, ಕಲ್ಲಿದ್ದಲ ಗಣಿಗಳಿಂದ ಇಲ್ಲಿಯ ಸಾಲ್ಮನ್ ಬಹುತೇಕ ನಾಶವಾಗಿತ್ತು. 1936ರಲ್ಲಿ ಸರ್ಕಾರ ಇಲ್ಲಿ ಮೀನು ಮರಿಗಳ ಸಾಕಣೆ ಕೇಂದ್ರ ಕಟ್ಟಿಸಿತು. ಇಲ್ಲಿ ಬೆಳೆಸಿದ ಚಿನೂಕ್ ಮುಖ್ಯವಾಗಿ ದಕ್ಷಿಣದ ಗ್ರೀನ್ ನದಿಯ ತಳಿ. ಅವು ಬರುವ ದಾರಿಯೂ ಮನುಷ್ಯ ಮಾಡಿದ್ದೇ. ಮೊದಲು ವಾಷಿಂಗ್ಟನ್ ಸರೋವರದ ನೀರು ಬ್ಲ್ಯಾಕ್ ನದಿಯ ಮೂಲಕ ದಕ್ಷಿಣಕ್ಕೆ ಹರಿಯುತ್ತಿತ್ತು. 1916ರಲ್ಲಿ ಹಡಗಿನ ಕಾಲುವೆಗಾಗಿ ಸರೋವರವನ್ನು ಸುಮಾರು ಒಂಬತ್ತು ಅಡಿ ಇಳಿಸಿದಾಗ ಆ ನದಿ ಒಣಗಿಯೇಹೋಯಿತು. ಈಗ ಮೀನುಗಳು ಬ್ಯಾಲರ್ಡ್ ಲಾಕ್ಸ್‌ನ ಇಪ್ಪತ್ತೊಂದು ಮೆಟ್ಟಿಲಿನ ಮೀನಿನ ಏಣಿ ಹತ್ತಿ, ಎರಡು ದೊಡ್ಡ ಸರೋವರ ದಾಟಿ ಬರುತ್ತವೆ. ಅಜ್ಜನ ನದಿ ಬೇರೆ, ಅಪ್ಪನ ದಾರಿ ಬೇರೆ. ಆದರೂ ಈ ಮೀನಿಗೆ ತನ್ನ ಊರಿನ ಬಗ್ಗೆ ಲವಲೇಶವೂ ಸಂಶಯವಿಲ್ಲ.

ಅದಕ್ಕೆ ಕಾರಣ ವಾಸನೆ. ಮರಿಯಾಗಿದ್ದಾಗ ಕುಡಿದ ನೀರಿನ ವಾಸನೆಯನ್ನು ನೆನಪಿಟ್ಟುಕೊಂಡು ಸಾಲ್ಮನ್ ಮರಳುತ್ತದೆ ಎಂಬ ವಿಚಾರವನ್ನು ವಿಸ್ಕಾನ್ಸಿನ್ನಿನ ಆರ್ಥರ್ ಹ್ಯಾಸ್ಲರ್ ಮತ್ತು ವಾರೆನ್ ವಿಸ್ಬಿ 1951ರಲ್ಲಿ ಮುಂದಿಟ್ಟರು. ಆಮೇಲೆ 1970ರ ದಶಕದಲ್ಲಿ ಹ್ಯಾಸ್ಲರ್ ತಂಡ ಕೋಹೋ ಮರಿಗಳನ್ನು ಮಾರ್ಫೊಲಿನ್ ಎಂಬ ರಾಸಾಯನಿಕ ಒಂದಿಷ್ಟೇ ಬೆರೆಸಿದ ನೀರಿನಲ್ಲಿ ಸಾಕಿ ಮಿಶಿಗನ್ ಸರೋವರಕ್ಕೆ ಬಿಟ್ಟಿತು. ಬೆಳೆದ ಮೇಲೆ ಅವು ಅದೇ ವಾಸನೆ ಹಾಕಿದ ತೊರೆಯನ್ನು ಹುಡುಕಿಕೊಂಡು ಬಂದವು. ನಮ್ಮ ಮಕ್ಕಳನ್ನು “ನಿನ್ನ ಊರು ಯಾವುದು?” ಎಂದು ಕೇಳಿ, ಅವರು “ಬೆಲ್‌ವ್ಯೂ” ಎಂದರೆ ಮುಖ ಸಣ್ಣದು ಮಾಡಿಕೊಳ್ಳುವ ಹಿರಿಯರು ಇದನ್ನು ಸ್ವಲ್ಪ ಯೋಚಿಸಬೇಕು. ನಮಗೆ ಮೊದಲ ಮಳೆಯ ಮಣ್ಣಿನ ವಾಸನೆ ಊರಾದರೆ, ಅವರಿಗೆ ಒದ್ದೆ ಸೀಡರ್ ಮರದ ವಾಸನೆ ಊರು.

ಮೂಲ ನೋಡಿ ಗಿಡ ಕೀಳುವುದಾದರೆ ನಮ್ಮ ಅಡಿಗೆಮನೆಯೇ ಖಾಲಿಯಾಗುತ್ತದೆ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಗೋಡಂಬಿ, ಸೀಬೆ, ಪಪ್ಪಾಯಿ ಎಲ್ಲವೂ ಅಮೆರಿಕ ಖಂಡಗಳಿಂದ ನಮ್ಮ ನಾಡಿಗೆ ಹೋದವು. ಬ್ಯಾಡಗಿ ಮೆಣಸಿನಕಾಯಿಯನ್ನು ಯಾರಾದರೂ ವಿದೇಶಿ ಎಂದರೆ ಹಾವೇರಿಯವರು ಸುಮ್ಮನಿದ್ದಾರೆಯೇ? ಆದರೆ ಅದೇ ಖಂಡದಿಂದ ಬಂದ ಲಂಟಾನ ಬಂಡೀಪುರದ ಕಾಡನ್ನು ನುಂಗುತ್ತಿದೆ, ಕಾಂಗ್ರೆಸ್ ಗಿಡ ಹೊಲಗಳನ್ನು ಕೆಡಿಸಿದೆ. ಬಂದ ದೇಶ ಒಂದೇ, ನಡೆದುಕೊಂಡ ರೀತಿ ಬೇರೆ. ಹಿಮಾಲಯನ್ ಬ್ಲ್ಯಾಕ್‌ಬೆರಿಯ ಮೇಲಿರುವ ನಿಜವಾದ ದೂರೂ ಅಷ್ಟೇ. ಅದರ ದಟ್ಟ ಪೊದೆಯ ಕೆಳಗೆ ಮರದ ಸಸಿ ಏಳಲಾರದು. ಮರವಿಲ್ಲದಿದ್ದರೆ ತೊರೆಗೆ ನೆರಳಿಲ್ಲ, ನೀರು ಬಿಸಿಯಾಗುತ್ತದೆ. ಸಾಲ್ಮನ್ನಿಗೆ ತಣ್ಣನೆಯ ನೀರು ಬೇಕು. ನಾಟ್‌ವೀಡ್ ಎಂಬ ಇನ್ನೊಂದು ಗಿಡ ಚಳಿಗಾಲದಲ್ಲಿ ಒಣಗಿ ದಡವನ್ನು ಬೋಳಾಗಿಸುತ್ತದೆ. ಮಣ್ಣು ಕೊಚ್ಚಿಹೋಗಿ ಜಲ್ಲಿಯೊಳಗಿನ ಮೊಟ್ಟೆಗಳು ಉಸಿರು ಕಟ್ಟುತ್ತವೆ.

ರೈತರ ಮಾತಿನಲ್ಲಿ ಇದಕ್ಕೆ ಕಳೆ ಎನ್ನುತ್ತಾರೆ. ಭತ್ತದ ಗದ್ದೆಯಲ್ಲಿ ರಾಗಿ ಮೊಳೆತರೆ ಅದೂ ಕಳೆಯೇ, ರಾಗಿಯ ಮೇಲೆ ಯಾರಿಗೂ ದ್ವೇಷವಿಲ್ಲ. ಕೀಳುವುದು ಶಿಕ್ಷೆಯಲ್ಲ. ಗಿಡಕ್ಕೆ ಪಾಪಪುಣ್ಯವಿಲ್ಲ, “ಸ್ವಲ್ಪ ಪಕ್ಕಕ್ಕೆ ಸರಿ” ಎಂದರೆ ಅದಕ್ಕೆ ಕೇಳಿಸುವುದೂ ಇಲ್ಲ.

ಮನುಷ್ಯರಿಗೆ ಕೇಳಿಸುತ್ತದೆ. ಹುಡುಗಿಯ ಪ್ರಶ್ನೆಗೆ ಉತ್ತರ ಕವಲೊಡೆಯುವುದು ಇಲ್ಲಿಯೇ. ಗಿಡದ ನ್ಯಾಯವನ್ನು ಮನುಷ್ಯರಿಗೆ ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಬರ್ಬ್ಯಾಂಕ್ ತನ್ನ ಬ್ಲ್ಯಾಕ್‌ಬೆರಿಯನ್ನು ಪರಿಚಯಿಸಿದ ಅದೇ 1885ರ ಸೆಪ್ಟೆಂಬರಿನಲ್ಲಿ, ಇದೇ ಇಸಾಕ್ವಾ ಕಣಿವೆಯಲ್ಲಿ, ಹಾಪ್ಸ್ ಬೆಳೆ ಬಿಡಿಸಲು ಬಂದಿದ್ದ ಚೀನೀ ಕೂಲಿಗಳ ಡೇರೆಗಳ ಮೇಲೆ ರಾತ್ರಿ ಗುಂಡು ಹಾರಿಸಿ ಮೂವರನ್ನು ಕೊಂದರು. ಆರೋಪಿಗಳಿಗೆ ಶಿಕ್ಷೆಯಾಗಲಿಲ್ಲ. 1907ರಲ್ಲಿ ಉತ್ತರದ ಬೆಲ್ಲಿಂಗ್‌ಹ್ಯಾಮ್ ಊರಿನಿಂದ ಮರದ ಮಿಲ್ಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಪಂಜಾಬಿಗಳನ್ನು ಗುಂಪು ಸೇರಿ ಓಡಿಸಿದರು. ಹಾಗೆ ಓಡಿಸಿದವರೂ ಒಂದೆರಡು ತಲೆಮಾರಿನ ಹಿಂದೆ ಬಂದವರೇ. 1855ರ ಪಾಯಿಂಟ್ ಎಲಿಯಟ್ ಒಪ್ಪಂದದಲ್ಲಿ ನೆಲ ಬಿಟ್ಟುಕೊಟ್ಟ ಮೂಲನಿವಾಸಿಗಳಿಗೆ ಮೀನು ಹಿಡಿಯುವ ಹಕ್ಕನ್ನಾದರೂ ಉಳಿಸುವುದಾಗಿ ಮಾತು ಕೊಟ್ಟಿದ್ದರು. ಆ ಮಾತನ್ನು ಉಳಿಸಿಕೊಳ್ಳಿ ಎಂದು ಕೋರ್ಟು ಹೇಳಲು 1974 ಬರಬೇಕಾಯಿತು.

ಮನುಷ್ಯರನ್ನು ಹುಟ್ಟಿನ ಕಾರಣಕ್ಕೆ ಕೀಳುವ ಹಕ್ಕು ಯಾರಿಗೂ ಇಲ್ಲ ಎಂದಮೇಲೆ, ನಡತೆಯ ಪ್ರಶ್ನೆ ಮಾತ್ರ ನಮಗೆ ಗಿಡಕ್ಕಿಂತ ಹೆಚ್ಚು ಬಿಗಿಯಾಗಿ ಅನ್ವಯಿಸುತ್ತದೆ. ಕೋಹೋ ಮೀನಿನ ವಿಷಯ ನೋಡಿ. ಶರತ್ಕಾಲದ ಮೊದಲ ಮಳೆ ಬಿದ್ದೊಡನೆ ನಗರದ ತೊರೆಗಳಲ್ಲಿ ಹೊಟ್ಟೆ ತುಂಬ ಮೊಟ್ಟೆಯಿದ್ದ ಕೋಹೋಗಳು ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದವು. ಅನೇಕ ವರ್ಷ ಕಾರಣ ತಿಳಿದಿರಲಿಲ್ಲ. 2020ರಲ್ಲಿ ಇಲ್ಲಿಯದೇ ವಿಜ್ಞಾನಿಗಳು ಕಂಡುಹಿಡಿದರು: ಕಾರಿನ ಟೈರು ಬಿರುಕು ಬಿಡದಿರಲೆಂದು ಬೆರೆಸುವ ಒಂದು ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ ವಿಷವಾಗುತ್ತದೆ, ಸವೆದ ಟೈರಿನ ಪುಡಿಯೊಂದಿಗೆ ರಸ್ತೆಯಿಂದ ತೊರೆಗೆ ಹರಿಯುತ್ತದೆ. ಇದಕ್ಕೆ ದೇಶಿ, ವಿದೇಶಿ ಎಂಬ ಭೇದವಿಲ್ಲ. ಶನಿವಾರ ದೇವಸ್ಥಾನದ ಪಾರ್ಕಿಂಗ್ ಲಾಟ್ ತುಂಬಿದಾಗಲೆಲ್ಲ ನಮ್ಮ ಪಾಲೂ ಸೇರುತ್ತದೆ. ಅದೇ ನೀರನ್ನು ಮಣ್ಣು, ಗಿಡಗಳ ಮೂಲಕ ಸೋಸಿ ಬಿಟ್ಟರೆ ಮೀನು ಸಾಯುವುದಿಲ್ಲ ಎಂಬುದೂ ಪರೀಕ್ಷೆಯಿಂದ ಗೊತ್ತಾಗಿದೆ. ಹೊಸ ಗೋಪುರದ ದೇಣಿಗೆಯ ಪಟ್ಟಿಯಲ್ಲಿ ಪಾರ್ಕಿಂಗ್ ಅಂಚಿಗೆ ಒಂದು ಮಳೆತೋಟವನ್ನೂ ಸೇರಿಸಬಹುದು ಎಂದು ಕಾರ್ಯಕಾರಿ ಸಮಿತಿಯ ಮುಂದೆ ವಿನಂತಿ ಇಡುತ್ತಿದ್ದೇನೆ.

ಇನ್ನೊಂದು ಮಾತು, ಬೇಸರಿಸಬೇಡಿ. ಚಿನೂಕ್ ಬರುವ ಹೊತ್ತಿಗೇ ನಮ್ಮ ಗಣೇಶನ ಹಬ್ಬ. ಪುಟ್ಟ ಗಣಪನನ್ನು ಹೂವು, ತೆಂಗಿನಕಾಯಿ ಸಮೇತ ಹತ್ತಿರದ ತೊರೆಗೆ ಬಿಡುವ ಪದ್ಧತಿ ಕೆಲವರಲ್ಲಿದೆ. ಬೆಂಗಳೂರಿನಲ್ಲೇ ಈಗ ಬಡಾವಣೆಗಳಲ್ಲಿ ತಾತ್ಕಾಲಿಕ ತೊಟ್ಟಿ ಇಟ್ಟು ವಿಸರ್ಜನೆ ಮಾಡಿಸುತ್ತಾರೆ. ಮನೆಯ ಬಕೆಟ್ಟಿನಲ್ಲಿ ಕರಗಿದ ಮಣ್ಣನ್ನು ತುಳಸಿ ಗಿಡಕ್ಕೆ ಹಾಕಿದರೆ ಶಾಸ್ತ್ರಕ್ಕೆ ಯಾವ ಲೋಪವೂ ಇಲ್ಲ. ಹಾಗೆಯೇ ಮಕ್ಕಳಿಗೆ ಬೇಸರವಾದ ಗೋಲ್ಡ್‌ಫಿಶ್, ಆಮೆಗಳನ್ನು “ಪಾಪ, ಬದುಕಿಕೊಳ್ಳಲಿ” ಎಂದು ಕೆರೆಗೆ ಬಿಡುವ ದಯೆಯೂ ಅಲ್ಲಿರುವ ಜೀವಿಗಳಿಗೆ ದಯೆಯಲ್ಲ.

ಸಂಕಲ್ಪ ಹೇಳುವಾಗ ಗಮನಿಸಿದ್ದೀರಾ? ಗೋತ್ರ ಕೇಳುತ್ತಾರೆ, ಅದು ಎಲ್ಲಿಂದ ಬಂದೆವು ಎಂಬ ಲೆಕ್ಕ. ಆದರೆ ಅದಕ್ಕೂ ಮೊದಲೇ ಎಲ್ಲಿ ನಿಂತಿದ್ದೇವೆ ಎಂದು ಹೇಳಬೇಕು. ಊರಿನಲ್ಲಾದರೆ ಜಂಬೂದ್ವೀಪ, ಗೋದಾವರಿಯ ದಕ್ಷಿಣ ತೀರ. ಇಲ್ಲಿ ಅನೇಕ ಪುರೋಹಿತರು ಕ್ರೌಂಚದ್ವೀಪ, ರಮಣಕವರ್ಷ ಎನ್ನುತ್ತಾರೆ. ಮನುಷ್ಯನ ವಿಳಾಸವನ್ನು ನದಿಯ ದಡದಿಂದ ಗುರುತಿಸಿದ ನಮ್ಮ ಹಿರಿಯರಿಗೆ ಈ ಹಳ್ಳದ ಹೆಸರನ್ನೂ ಸೇರಿಸುವುದು ಅಪಚಾರವೆನ್ನಿಸುತ್ತಿರಲಿಲ್ಲ. ನಮ್ಮ ಶಾಸ್ತ್ರಿಗಳನ್ನು ಕೇಳಿದೆ. ನಕ್ಕು, ಸಂಸ್ಕೃತದಲ್ಲಿ ಇಸಾಕ್ವಾ ಎಂಬುದಕ್ಕೆ ಸಪ್ತಮೀ ವಿಭಕ್ತಿ ಹಚ್ಚುವುದು ಹೇಗೆಂದು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.

ಕೋಹೋ ನವೆಂಬರಿನಲ್ಲೂ ಬರುತ್ತಿರುತ್ತದೆ. ಹೋಗುವವರು ಮಳೆಯ ಕೋಟು ಮರೆಯಬೇಡಿ. ಮಕ್ಕಳನ್ನು ನೀರಿಗಿಳಿಯಲು ಬಿಡಬೇಡಿ, ಜಲ್ಲಿಯ ಕೆಳಗೆ ಮೊಟ್ಟೆಗಳಿರುತ್ತವೆ. ಕಲ್ಲುಗಳ ಮೇಲೆ ಬಸ್ಕಿ ಹೊಡೆಯುತ್ತಾ ಕುಳಿತ ಬೂದು ಬಣ್ಣದ ಪುಟ್ಟ ಹಕ್ಕಿ ಕಂಡರೆ ಸ್ವಲ್ಪ ನಿಲ್ಲಿ. ಅದರ ಹೆಸರು ಡಿಪ್ಪರ್. ನೋಡನೋಡುತ್ತಿದ್ದಂತೆ ಹರಿಯುವ ನೀರಿನೊಳಗೆ ನಡೆದುಕೊಂಡೇ ಹೋಗಿ, ಸಾಲ್ಮನ್ ಮೊಟ್ಟೆಯೊಂದನ್ನು ಕಚ್ಚಿಕೊಂಡು ಆಚೆ ಕಡೆ ಎದ್ದು ಬರುತ್ತದೆ.