ಸೋತವನ ಮಾತು ಕೇಳೋಣ

2025ರ ನವೆಂಬರ್ 2ರ ರಾತ್ರಿ ನೆರೂಳಿನ ಡಿ. ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದಾಗ ಠಾಣೆ, ಡೊಂಬಿವಲಿ, ಕಲ್ಯಾಣದ ಮನೆಗಳಲ್ಲೂ ಹರ್ಷ ಉಕ್ಕಿತು. ಆಟ ಕೊಡುವ ಸಂತೋಷ ಅಂಥದು. ಎಷ್ಟು ಜನ ಹಂಚಿಕೊಂಡರೂ ಯಾರ ಪಾಲೂ ಕಡಿಮೆಯಾಗದು. ಪಣವಿಟ್ಟವನ ಸಂತೋಷ ಹಾಗಲ್ಲ. ಅವನಿಗೆ ಒಂದು ರೂಪಾಯಿ ಬರಬೇಕಾದರೆ ಇನ್ನೊಬ್ಬನ ಕಿಸೆಯಿಂದ ಅದು ಹೋಗಲೇಬೇಕು.

ಮುಂಬಯಿಗೆ ಈ ಚಟ ಹೊಸದೇನಲ್ಲ. ‘ಕಲ್ಯಾಣ ಮಟಕಾ’ ಎಂದೊಡನೆ ಕೆಲವರು ನಮ್ಮ ಕಲ್ಯಾಣ ಪಟ್ಟಣವನ್ನು ನೆನೆಯುತ್ತಾರೆ. ಆದರೆ ಆ ಹೆಸರು ಬಂದದ್ದು 1962ರಲ್ಲಿ ವರ್ಲಿಯಲ್ಲಿ ಅದನ್ನು ಆರಂಭಿಸಿದ ಕಲ್ಯಾಣಜಿ ಭಗತ್ ಎಂಬವರಿಂದ. ಆಗ ಚೀಟಿ ಬರೆಯುವವನ ಮುಖವಾದರೂ ಕಾಣುತ್ತಿತ್ತು. ಈಗ ಮೊಬೈಲಿಗೆ ಸಂದೇಶ ಬರುತ್ತದೆ. ಕಳುಹಿಸಿದವನಿಗೆ ಮುಖವೂ ಇಲ್ಲ, ವಿಳಾಸವೂ ಇಲ್ಲ.

ಅವನ ಲೆಕ್ಕಾಚಾರವನ್ನು ನೋಡಿ. 1024 ಜನರಲ್ಲಿ ಅರ್ಧದಷ್ಟು ಮಂದಿಗೆ ಒಂದು ತಂಡ ಗೆಲ್ಲುವುದೆಂದೂ, ಉಳಿದವರಿಗೆ ಇನ್ನೊಂದು ಗೆಲ್ಲುವುದೆಂದೂ ಬರೆಯುತ್ತಾನೆ. ಭವಿಷ್ಯ ಸುಳ್ಳಾದವರನ್ನು ಕೈಬಿಟ್ಟು, ನಿಜವಾದವರಿಗೆ ಮತ್ತೆ ಹಾಗೆಯೇ ಎರಡು ಪಾಲು ಮಾಡಿ ಬರೆಯುತ್ತಾನೆ. ಐದು ಪಂದ್ಯಗಳಾಗುವಷ್ಟರಲ್ಲಿ 32 ಮಂದಿ ಉಳಿಯುತ್ತಾರೆ. ಅವರ ಕಣ್ಣಿಗೆ ಅವನು ತ್ರಿಕಾಲಜ್ಞಾನಿ! ಮಿಕ್ಕ 992 ಮಂದಿಗೆ ಹೇಳಿದ ಸುಳ್ಳು ಇವರಿಗೆ ಕಾಣದು. ಆಮೇಲೆ ಹಣ ಕಟ್ಟಿಸಿಕೊಳ್ಳುತ್ತಾನೆ. ಮೊದಮೊದಲು ಸಣ್ಣ ಮೊತ್ತವನ್ನು ಮರಳಿಸಿ ನಂಬಿಕೆ ಗಳಿಸುತ್ತಾನೆ. ದೊಡ್ಡ ಮೊತ್ತ ಕೇಳಿದಾಗ, ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾನೆ.

ಆಟವೇ ಸುಳ್ಳಾಗಿರುವುದೂ ಉಂಟು. 2022ರಲ್ಲಿ ಗುಜರಾತಿನ ಮೆಹಸಾಣಾ ಜಿಲ್ಲೆಯ ಮೋಲಿಪುರದಲ್ಲಿ ಹೊಲದ ಕೂಲಿಗಳಿಗೆ ಪಂದ್ಯಕ್ಕೆ 400 ರೂಪಾಯಿ ಕೊಟ್ಟು, ಐ.ಪಿ.ಎಲ್. ತಂಡಗಳ ಅಂಗಿ ತೊಡಿಸಿ, ರಷ್ಯದ ಪಣಗಾರರನ್ನು ವಂಚಿಸಿದ ಗುಂಪನ್ನು ಪೊಲೀಸರು ಹಿಡಿದರು. ಪ್ರೇಕ್ಷಕರ ಗದ್ದಲ ಕೂಡ ಧ್ವನಿಮುದ್ರಿಕೆಯದಾಗಿತ್ತು.

ಇಂಥ ಸುದ್ದಿ ಕೇಳಿದಾಗ ನಮ್ಮ ಬಾಯಿಂದ ಮೊದಲು ಬರುವ ಮಾತೇನು? ‘ದುರಾಸೆಪಟ್ಟವನಿಗೆ ಹಾಗೆಯೇ ಆಗಬೇಕು.’ ಇದು ನ್ಯಾಯವೆ? ದುಡಿಯದೆ ಪಡೆಯಬೇಕೆಂಬುದು ತಪ್ಪೇ ಸರಿ. ಆದರೆ ಒಬ್ಬನ ದೌರ್ಬಲ್ಯ ಇನ್ನೊಬ್ಬನ ವಂಚನೆಗೆ ಪರವಾನಗಿಯಾಗಲಾರದು. ಪಗಡೆಗೆ ಕುಳಿತ ಧರ್ಮರಾಯನ ತಪ್ಪಿನಿಂದ ಶಕುನಿಯ ಕಪಟ ಶುದ್ಧವಾಯಿತೆ? ಅಷ್ಟೇ ಅಲ್ಲ, ಆ ಸಭೆಯಲ್ಲಿ ಮೌನವಾಗಿದ್ದ ಹಿರಿಯರನ್ನೂ ನಾವು ಇಂದಿಗೂ ಕ್ಷಮಿಸಿಲ್ಲ.

ಮೌನವೇ ವಂಚಕನ ನಿಜವಾದ ಬಂಡವಾಳ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಅಳಲಿನ ಒಂದು ಸೂಕ್ತವಿದೆ. ಅಲ್ಲಿಯೂ ತಂದೆತಾಯಿಗಳು, ಒಡಹುಟ್ಟಿದವರು ಅವನನ್ನು ತಮ್ಮವನಲ್ಲವೆಂದು ಕೈಬಿಡುತ್ತಾರೆ. ಊರು ಬಿಟ್ಟು ಬಂದ ನಮ್ಮಲ್ಲಿ ಈ ಭಯ ಇನ್ನೂ ಹೆಚ್ಚು. ಊರಿಗೆ ಕಳುಹಿಸಬೇಕಾದ ಹಣವನ್ನೋ ಮನೆಯ ಸಾಲದ ಕಂತನ್ನೋ ಕಳೆದುಕೊಂಡವನು, ಹೇಳಿದರೆ ಮಾನ ಹೋಗುವುದೆಂದು ಬಾಯಿ ಮುಚ್ಚುತ್ತಾನೆ. ಹೋದುದನ್ನು ಮರಳಿ ಪಡೆಯಲು ಮತ್ತೆ ಕಟ್ಟುತ್ತಾನೆ. ವಂಚಕನಿಗೆ ಬೇಕಾದದ್ದೂ ಅದೇ.

2025ರ ಆಗಸ್ಟಿನಲ್ಲಿ ಸಂಸತ್ತು ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಅದರಲ್ಲಿ ಶಿಕ್ಷೆ ಹೇಳಿರುವುದು ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ಸಾಗಿಸುವವರಿಗೆ, ಆಡಿ ಸೋತವನಿಗಲ್ಲ. ಕಾನೂನು ತೋರಿದ ಈ ವಿವೇಕವನ್ನು ನಾವು ಮನೆಯಲ್ಲಿಯೂ ತೋರಬಾರದೆ?

ಆದುದರಿಂದ ಮಕ್ಕಳಿಗೆ ‘ಪಣ ಕಟ್ಟಬೇಡ’ ಎಂದು ಹೇಳುವುದರ ಜೊತೆಗೆ, ‘ಕಟ್ಟಿ ಸೋತರೆ ಮೊದಲು ನಮಗೆ ಹೇಳು’ ಎಂದೂ ಹೇಳಿರೋಣ. ತಮ್ಮ ಬ್ಯಾಂಕ್ ಖಾತೆಯನ್ನು ಕಮಿಷನ್ನಿನ ಆಸೆಗೆ ಯಾರಿಗೂ ಬಳಸಲು ಕೊಡಬಾರದೆಂದು ಎಚ್ಚರಿಸೋಣ. ಮೋಸವಾದ ಕೂಡಲೇ 1930ಕ್ಕೆ ಕರೆ ಮಾಡಬೇಕು; ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲಿಯೇ ತಡೆಯುವ ಸಾಧ್ಯತೆ ಹೆಚ್ಚು. ಸಂದೇಶಗಳನ್ನು ಅಳಿಸದೆ ಇಡಬೇಕು.

ಬುದ್ಧಿವಾದಕ್ಕೆ ನಾಳೆಯೂ ಸಮಯವಿದೆ. ಸೋತು ಬಂದವನನ್ನು ಇಂದು ಮೊದಲು ಕೂರಿಸಿ, ಅವನ ಮಾತು ಕೇಳೋಣ.